ಬೇರೆ ಪೀರಿಯಡ್ ಬೇಡ, ಇರುವ ಲೆಕ್ಕಕ್ಕೇ ಎರಡು ಸಾಲು ಸೇರಿಸಿ: ಎಂಜಿನಿಯರಿಂಗ್ ಪಾಠದಲ್ಲಿ ಸುಸ್ಥಿರತೆ ತರುವ ಬಗೆ

ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಪಂಪಿನ ಲೆಕ್ಕ ನಾವೆಲ್ಲರೂ ಮಾಡಿಸುತ್ತೇವೆ. ಇಷ್ಟು ನೀರು, ಇಷ್ಟು ಮೀಟರ್ ಹೆಡ್ (ನೀರನ್ನು ಎತ್ತಬೇಕಾದ ಎತ್ತರ), ಇಷ್ಟು ಎಫಿಶಿಯನ್ಸಿ, ಹಾಗಾದರೆ ಪವರ್ ಎಷ್ಟು? ಉತ್ತರ ಬಂತು, ಅದರ ಸುತ್ತ ಒಂದು ಚೌಕ ಹಾಕಿದರು, ಮುಂದಿನ ಲೆಕ್ಕ.

ಒಂದು ಸಲ ಅದೇ ಲೆಕ್ಕಕ್ಕೆ ಬೇರೆ ಅಂಕಿ ಕೊಟ್ಟೆ. ಬೆಂಗಳೂರಿನ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಬರುತ್ತದೆ. ದಾರಿಯಲ್ಲಿ ಮೂರು ಕಡೆ ಪಂಪ್ ಮಾಡುತ್ತಾರೆ. ಒಟ್ಟು ಹೆಡ್ ಸುಮಾರು 500 ಮೀಟರ್. ಸಾವಿರ ಲೀಟರ್ ನೀರಿಗೆ ಎಷ್ಟು ಕರೆಂಟ್ ಬೇಕು?

ಹುಡುಗರು ಲೆಕ್ಕ ಹಾಕಿದರು. 1000 ಕೆ.ಜಿ., 9.81, 500 ಗುಣಿಸಿದರೆ 49,05,000 ಜೂಲ್. ಒಂದು ಯೂನಿಟ್ ಕರೆಂಟ್ ಅಂದರೆ 36,00,000 ಜೂಲ್. ಅಂದರೆ 1.36 ಯೂನಿಟ್. ಪಂಪು, ಮೋಟಾರು ಸೇರಿ 70% ಎಫಿಶಿಯನ್ಸಿ ಅಂತ ಹಿಡಿದರೆ ಹತ್ತಿರ ಹತ್ತಿರ 2 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹಾಗಾಗಿ ಸಾವಿರ ಲೀಟರಿಗೆ ಸುಮಾರು 1.4 ಕೆ.ಜಿ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಸರ್, ಹಾಗಾದ್ರೆ ನಮ್ಮ ಹಾಸ್ಟೆಲಿನ ಸೋರೋ ನಲ್ಲಿ ಕರೆಂಟನ್ನೂ ಸೋರಿಸ್ತಿದೆ ಅಲ್ವಾ?"

ಅವತ್ತಿನ ಮಟ್ಟಿಗೆ ನನ್ನ ಕೆಲಸ ಆಗಿತ್ತು. ಸಿಲಬಸ್‌ನಿಂದ ಒಂದು ಅಕ್ಷರ ಹೊರಗೆ ಹೋಗಿರಲಿಲ್ಲ. ಬರ್ನೂಲಿ, ಹೆಡ್, ಎಫಿಶಿಯನ್ಸಿ ಎಲ್ಲವೂ ಇದ್ದವು. ಸೇರಿದ್ದು ಎರಡು ಸಾಲು ಮಾತ್ರ. ಈ ಲೇಖನ ಆ ಎರಡು ಸಾಲುಗಳನ್ನು ನಿಮ್ಮ ವಿಷಯಕ್ಕೆ ಹೇಗೆ ಸೇರಿಸಬಹುದು ಅನ್ನುವುದರ ಬಗ್ಗೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರಿಗಾಗಿ ಬರೆದದ್ದು.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ

ಪರಿಸರ ಪಾಠ ನಮ್ಮಲ್ಲಿ ಹೊಸದೇನಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. ಆಮೇಲೆ ಯುಜಿಸಿ ಪದವಿ ತರಗತಿಗಳಿಗೆಲ್ಲ ಒಂದು ಪತ್ರಿಕೆ ತಂದಿತು. ಇವತ್ತು ಎಲ್ಲ ಕಾಲೇಜಿನಲ್ಲೂ ಪರಿಸರ ಅಧ್ಯಯನದ ಒಂದು ವಿಷಯ ಇದೆ. ಅದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಾರೆ, ಪಾಸಾಗುತ್ತಾರೆ, ಮರೆಯುತ್ತಾರೆ. ಆ ಪತ್ರಿಕೆ ಬೇಡ ಅನ್ನುತ್ತಿಲ್ಲ. ಆದರೆ ಬೀಮ್ ಡಿಸೈನ್ ಮಾಡುವ ಹೊತ್ತಿಗೆ, ಮೋಟಾರ್ ಆರಿಸುವ ಹೊತ್ತಿಗೆ, ಕೋಡ್ ಬರೆಯುವ ಹೊತ್ತಿಗೆ ಅದು ನೆನಪಿಗೆ ಬರುವುದಿಲ್ಲ. ಯಾಕೆಂದರೆ ಆ ಡಿಸೈನ್, ಮೋಟಾರ್, ಕೋಡ್ ಕ್ಲಾಸುಗಳಲ್ಲಿ ಪರಿಸರದ ಮಾತೇ ಬಂದಿರಲಿಲ್ಲ.

ಎನ್‌ಬಿಎ (ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಈಗ ಇದೇ ದಾರಿಗೆ ಬಂದಿದೆ. ಮೊದಲು 12 ಪಿಒಗಳಿದ್ದವು (ಓದು ಮುಗಿಸಿದವರಿಗೆ ಬಂದಿರಬೇಕಾದ ಸಾಮರ್ಥ್ಯಗಳ ಪಟ್ಟಿ ಇದು), ಅದರಲ್ಲಿ 7ನೆಯದು ಪರಿಸರ ಮತ್ತು ಸುಸ್ಥಿರತೆ. ಹೊಸ ಪಟ್ಟಿಯಲ್ಲಿ 11 ಇವೆ. ಪರಿಸರಕ್ಕೆ ಬೇರೆ ನಂಬರ್ ಇಲ್ಲ. 6ನೆಯದು ಎಂಜಿನಿಯರ್ ಮತ್ತು ಜಗತ್ತಿನ ಬಗ್ಗೆ. ಆದರೆ ನಾನು ಎಲ್ಲರಿಗೂ ತೋರಿಸುವುದು 3ನೆಯದನ್ನು. ಅದು ಡಿಸೈನಿನ ಪಿಒ. ಪೂರ್ತಿ ಬಾಳಿಕೆಯ ಖರ್ಚು, ನೆಟ್ ಝೀರೋ ಕಾರ್ಬನ್ ಎರಡೂ ಅದರ ಒಳಗೇ ಬಂದಿವೆ. ಅಂದರೆ ಇದು ಈಗ ಡಿಸೈನ್ ಕಲಿಸುವವರ ಕೆಲಸ, ಪರಿಸರ ಪತ್ರಿಕೆ ತೆಗೆದುಕೊಳ್ಳುವ ಸಿವಿಲ್ ವಿಭಾಗದ ಒಬ್ಬ ಮೇಷ್ಟರ ಕೆಲಸ ಅಲ್ಲ.

ಹೆಜ್ಜೆ 1: ಒಂದೇ ವಿಷಯ, ಒಂದೇ ಲೆಕ್ಕ

ನೀವು ಈ ಸೆಮಿಸ್ಟರ್ ತೆಗೆದುಕೊಂಡಿರುವ ವಿಷಯದಲ್ಲಿ ಐದು ಮಾಡ್ಯೂಲ್ ಇದ್ದರೆ, ಐದರಲ್ಲೂ ತುರುಕಲು ಹೋಗಬೇಡಿ. ನಿಮಗೆ ಚೆನ್ನಾಗಿ ಕೈಗೆ ಬಂದಿರುವ ಒಂದು ಲೆಕ್ಕ ಆರಿಸಿ. ವರ್ಷಗಳಿಂದ ಮಾಡಿಸುತ್ತಿರುವ, ಕಣ್ಣು ಮುಚ್ಚಿ ಬಿಡಿಸಬಲ್ಲ ಲೆಕ್ಕ. ಅದರ ಉತ್ತರದ ಕೆಳಗೆ ಮೂರು ಪ್ರಶ್ನೆ ಬರೆದುಕೊಳ್ಳಿ. ಇದಕ್ಕೆ ಎಷ್ಟು ವಸ್ತು, ಎಷ್ಟು ಕರೆಂಟ್ ಹೋಯಿತು? ಅದೇ ಕೆಲಸ ಕಡಿಮೆಯಲ್ಲಿ ಆಗುತ್ತಿತ್ತಾ? ಹಾಗೆ ಮಾಡಿದರೆ ಹೊರೆ ಬೇರೆ ಎಲ್ಲಾದರೂ ಬೀಳುತ್ತದಾ?

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಇದು ಬರೀ ಉಳಿತಾಯದ ಲೆಕ್ಕ ಆಗುತ್ತದೆ.

ಮೆಕ್ಯಾನಿಕಲ್‌ನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ದಂಡ. ಗಟ್ಟಿ ಶಾಫ್ಟ್ ಮತ್ತು ಟೊಳ್ಳು ಶಾಫ್ಟ್ ಹೋಲಿಕೆ ಎಲ್ಲ ಪುಸ್ತಕದಲ್ಲೂ ಇದೆ. ಒಳವ್ಯಾಸ ಹೊರವ್ಯಾಸದ ಅರ್ಧ ಇದ್ದರೆ ತೂಕ ಕಾಲು ಭಾಗ ಇಳಿಯುತ್ತದೆ. ತಾಳುವ ಟಾರ್ಕ್ (ತಿರುಚುವ ಬಲ) ಇಳಿಯುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಮೊದಲಿನಷ್ಟೇ ಟಾರ್ಕ್ ಬೇಕು ಅಂದರೆ ಹೊರವ್ಯಾಸವನ್ನು 2% ಚಿಲ್ಲರೆ ದೊಡ್ಡದು ಮಾಡಿದರೆ ಸಾಕು. ಆಗಲೂ ತೂಕದಲ್ಲಿ ಸುಮಾರು 22% ಉಳಿಯುತ್ತದೆ. ಒಂದು ಕೆ.ಜಿ. ಉಕ್ಕು ತಯಾರಾಗುವಾಗ ಸುಮಾರು 2 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಅಂತ ಹೇಳಿ, ಗುಣಿಸಲು ಬಿಡಿ. ಎಲ್ಲರಿಗೂ ಖುಷಿಯಾಗುತ್ತದೆ.

ಆಗ ಮೂರನೆಯ ಪ್ರಶ್ನೆ ಕೇಳಿ. ಈ ತೂತು ಮಾಡಿದ್ದು ಹೇಗೆ? ಗಟ್ಟಿ ಸರಳನ್ನು ತಂದು ಲೇತಿನಲ್ಲಿ ಕೊರೆದರೆ ಆ ಕಾಲು ಭಾಗ ಉಕ್ಕು ಎಲ್ಲಿಗೆ ಹೋಯಿತು? ಚಿಪ್ಸ್ ಆಗಿ ಟ್ರೇಗೆ ಬಿತ್ತು, ಅಲ್ಲಿಂದ ಗುಜರಿಗೆ ಹೋಯಿತು. ಉಕ್ಕು ಉಳಿಯಲಿಲ್ಲ, ಮೇಲೆ ಕೊರೆಯುವ ಕರೆಂಟ್ ಬೇರೆ. ಟೊಳ್ಳು ಕೊಳವೆಯನ್ನೇ ತಂದರೆ ಮಾತ್ರ ಉಳಿತಾಯ. ಇನ್ನೂ ಒಂದು ಇದೆ. ಅದು ಓಡುವ ಗಾಡಿಯಲ್ಲಿರುವ ಶಾಫ್ಟ್ ಆದರೆ ತೂಕ ಇಳಿದಷ್ಟೂ ಬಾಳಿಕೆಯುದ್ದಕ್ಕೂ ಇಂಧನ ಉಳಿಯುತ್ತದೆ, ಆಗ ಕೊರೆದರೂ ಲಾಭ ಇರಬಹುದು. ನಿಂತಲ್ಲೇ ಇರುವ ಯಂತ್ರದಲ್ಲಾದರೆ ಆ ಲಾಭ ಅಷ್ಟಾಗಿ ಇಲ್ಲ. ಒಂದೇ ಡಿಸೈನ್, ಎಲ್ಲಿ ಬಳಸುತ್ತೇವೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಈ ಹದಿನೈದು ನಿಮಿಷದ ಮಾತು ಇಡೀ ಒಂದು ಮಾಡ್ಯೂಲ್ ಉಪದೇಶಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಹೆಜ್ಜೆ 2: ಅಂಕಿ ಕ್ಯಾಂಪಸ್ಸಿನಿಂದಲೇ ತನ್ನಿ

ಮೊದಲ ವರ್ಷ ನಾನು ತಪ್ಪು ಮಾಡಿದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಂದೊಂದಾಗಿ ಓದಿಸಿದೆ. ಬಣ್ಣಬಣ್ಣದ ಚೌಕಗಳು. ಕ್ಲಾಸು ಸುಮ್ಮನೆ ಕೇಳಿಸಿಕೊಂಡಿತು, ಒಂದೂ ಪ್ರಶ್ನೆ ಬರಲಿಲ್ಲ. ಅದೇ ಹುಡುಗರ ಕೈಗೆ ಮುಂದಿನ ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿನ ಕರೆಂಟ್ ಬಿಲ್ಲಿನ ಜೆರಾಕ್ಸ್ ಕೊಟ್ಟಾಗ ಅರ್ಧ ಗಂಟೆ ಗಲಾಟೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅಂದರೆ ಏನು ಅಂತ ಪುಸ್ತಕದಲ್ಲಿ ಓದಿದ್ದವರು ಅದನ್ನು ಬಿಲ್ಲಿನಲ್ಲಿ ಮೊದಲ ಸಲ ಕಂಡರು.

ಹಾಗಾಗಿ ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ದಿನ ಆಫೀಸು, ಮೇಂಟೆನೆನ್ಸ್ ವಿಭಾಗ ಸುತ್ತಿ ಬನ್ನಿ. 12 ತಿಂಗಳ ಕರೆಂಟ್ ಬಿಲ್. ಜನರೇಟರಿಗೆ ಹಾಕಿದ ಡೀಸೆಲ್ ಲೆಕ್ಕ. ಟ್ಯಾಂಕರ್ ನೀರು ತರಿಸಿದ್ದರೆ ಅದರ ರಸೀದಿ. ಹಾಸ್ಟೆಲ್ ಮೆಸ್‌ನ ಗ್ಯಾಸ್ ಸಿಲಿಂಡರ್ ಸಂಖ್ಯೆ. ಪ್ರಿನ್ಸಿಪಾಲರಿಗೆ ಮೊದಲೇ ಒಂದು ಪತ್ರ ಕೊಟ್ಟು ಅನುಮತಿ ತಗೊಳ್ಳಿ. ಬಿಲ್ ಕೇಳಿದರೆ ಯಾಕೆ ಅಂತ ಅನುಮಾನ ಬರುವುದು ಸಹಜ, ತಪ್ಪು ಹುಡುಕಲು ಅಲ್ಲ, ಪಾಠಕ್ಕೆ ಅಂತ ಬಿಡಿಸಿ ಹೇಳಿ. ಎಲೆಕ್ಟ್ರಿಷಿಯನ್ನರ ಜೊತೆ ಒಂದು ಟೀ ಕುಡಿಯಿರಿ. ಯಾವ ಮೋಟಾರ್ ಎಷ್ಟು ಸಲ ಸುಟ್ಟಿದೆ, ಯಾವ ಪೈಪ್ ಎಲ್ಲಿ ಒಡೆದಿದೆ, ಇಡೀ ಕ್ಯಾಂಪಸ್ಸಿನ ಕಥೆ ಅವರಿಗೆ ಗೊತ್ತಿರುತ್ತದೆ. ನಮ್ಮ ಅರ್ಧ ಉದಾಹರಣೆಗಳು ಹಾಗೇ ಸಿಕ್ಕಿದ್ದು.

ಈ ಅಂಕಿಗಳಿಂದ ಎಂಥ ಲೆಕ್ಕ ಬರುತ್ತದೆ? ಒಂದು ಕ್ಲಾಸ್‌ರೂಮಿನಲ್ಲಿ 6 ಫ್ಯಾನ್. ಹಳೇ ಫ್ಯಾನ್ ಸುಮಾರು 75 ವಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 200 ದಿನ. ಉಳಿಯುವುದು ಒಂದು ರೂಮಿಗೆ 432 ಯೂನಿಟ್. ಬಿಲ್ಲಿನಲ್ಲಿರುವ ದರದಿಂದ ಗುಣಿಸಲಿ, ಅಂಗಡಿಗೆ ಹೋಗಿ ಫ್ಯಾನಿನ ಬೆಲೆ ಕೇಳಿ ಬರಲಿ, ಎಷ್ಟು ವರ್ಷಕ್ಕೆ ಹಣ ವಾಪಸ್ ಅಂತ ಹೇಳಲಿ. ಆಮೇಲೆ ಕೇಳಿ: ಇನ್ನೂ ಚೆನ್ನಾಗಿ ಓಡುತ್ತಿರುವ ಫ್ಯಾನ್ ಬಿಚ್ಚಿ ಬಿಸಾಡಬೇಕಾ, ಕೆಟ್ಟಾಗ ಬದಲಿಸಬೇಕಾ? ಯಾರೂ ಇಲ್ಲದ ರೂಮಿನಲ್ಲಿ ತಿರುಗುವ ಫ್ಯಾನ್ ಆಫ್ ಮಾಡಲು ಎಷ್ಟು ಖರ್ಚು?

ಹೆಜ್ಜೆ 3: ಲ್ಯಾಬಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿ

ಥಿಯರಿಗಿಂತ ಲ್ಯಾಬ್ ಸುಲಭ. ರೆಕಾರ್ಡಿನ ಟೇಬಲ್ಲಿಗೆ ಒಂದು ಕಾಲಂ ಸೇರಿಸಿದರೆ ಸಾಕು.

ಕಾಂಕ್ರೀಟ್ ಲ್ಯಾಬ್ ತಗೊಳ್ಳಿ. 150 ಮಿ.ಮೀ. ಕ್ಯೂಬ್ ಹಾಕುತ್ತಾರೆ, 7 ದಿನಕ್ಕೆ, 28 ದಿನಕ್ಕೆ ಒಡೆಯುತ್ತಾರೆ, ಬಲ ಬರೆಯುತ್ತಾರೆ. ಅದರ ಪಕ್ಕ ಇನ್ನೊಂದು ಕಾಲಂ: ಒಂದು ಎಂಪಿಎ (ಕಾಂಕ್ರೀಟ್ ಒತ್ತಡ ತಾಳುವ ಬಲದ ಅಳತೆ) ಬಲಕ್ಕೆ ಎಷ್ಟು ಕೆ.ಜಿ. ಸಿಮೆಂಟ್ ಹೋಯಿತು? ಸಿಮೆಂಟಿನ ಮೇಲೆ ಯಾಕೆ ಕಣ್ಣು ಅಂದರೆ, ಅದರ ಹೊಗೆ ಬರೀ ಕಲ್ಲಿದ್ದಲಿನದಲ್ಲ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೇ ಹೊರಬರುತ್ತದೆ. 100 ಕೆ.ಜಿ. ಶುದ್ಧ ಸುಣ್ಣದ ಕಲ್ಲಿನಿಂದ 44 ಕೆ.ಜಿ. ಮೊದಲ ವರ್ಷದ ಕೆಮಿಸ್ಟ್ರಿ ಇದು. ಸೌರಶಕ್ತಿಯಲ್ಲೇ ಸುಟ್ಟರೂ ಆ 44 ಕೆ.ಜಿ. ತಪ್ಪುವುದಿಲ್ಲ. ಇದನ್ನು ಹೇಳಿದಾಗ ಹುಡುಗರು ತಲೆ ಎತ್ತುತ್ತಾರೆ.

ಈಗ ಒಂದು ಬ್ಯಾಚಿಗೆ ಬರೀ ಸಿಮೆಂಟ್, ಇನ್ನೊಂದು ಬ್ಯಾಚಿಗೆ ಸ್ವಲ್ಪ ಸಿಮೆಂಟ್ ತೆಗೆದು ಹಾರುಬೂದಿ (ಕಲ್ಲಿದ್ದಲು ಉರಿದಾಗ ಬರುವ ನುಣ್ಣನೆ ಬೂದಿ) ಕೊಡಿ. ಹಾರುಬೂದಿಗೆ ದೂರ ಹೋಗಬೇಕಿಲ್ಲ, ರಾಯಚೂರಿನ ಶಾಖೋತ್ಪನ್ನ ಕೇಂದ್ರವೇ ಇದೆ. 7 ದಿನಕ್ಕೆ ಒಡೆದಾಗ ಹಾರುಬೂದಿಯ ಕ್ಯೂಬ್ ಹಿಂದೆ ಬೀಳುತ್ತದೆ. 28ಕ್ಕೂ ಕೆಲವೊಮ್ಮೆ ಹಿಂದೆಯೇ ಇರುತ್ತದೆ. ಅಲ್ಲಿಗೇ ರೆಕಾರ್ಡ್ ಮುಚ್ಚಿದರೆ 'ಹಾರುಬೂದಿ ಚೆನ್ನಾಗಿಲ್ಲ' ಅಂತ ತಪ್ಪು ಪಾಠ ಕಲಿತು ಹೋಗುತ್ತಾರೆ. ಮೂರು ಕ್ಯೂಬ್ ಹೆಚ್ಚಿಗೆ ಹಾಕಿ 56 ದಿನಕ್ಕೆ ಇಡಿ. ಹಾರುಬೂದಿ ನಿಧಾನಕ್ಕೆ ಬಲ ಕಟ್ಟುತ್ತದೆ. ಕ್ಯೂಬುಗಳನ್ನು ನೀರಿನ ತೊಟ್ಟಿಯಿಂದ ಎತ್ತಿ, ಒರೆಸಿ, ಮೆಷಿನ್ನಿಗೆ ಇಟ್ಟು, ಮುಳ್ಳು ಏರುವುದನ್ನು ಅವರೇ ನೋಡಲಿ. ಕಾಯುವುದಕ್ಕೂ ಒಂದು ಬೆಲೆ ಇದೆ, ಸೆಂಟ್ರಿಂಗ್ ಎಷ್ಟು ದಿನ ಬಿಡಬೇಕು, ಕಂಟ್ರಾಕ್ಟರ್ ಒಪ್ಪುತ್ತಾನಾ ಅನ್ನುವ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಇಂಡಕ್ಷನ್ ಮೋಟಾರಿನ ಲೋಡ್ ಟೆಸ್ಟ್ ಇದ್ದೇ ಇದೆ. ಕಡಿಮೆ ಲೋಡಿನಲ್ಲಿ ಎಫಿಶಿಯನ್ಸಿ, ಪವರ್ ಫ್ಯಾಕ್ಟರ್ ಬೀಳುವುದನ್ನು ಗ್ರಾಫಿನಲ್ಲಿ ಬರೆಯುತ್ತಾರೆ. ಕಾಲೇಜಿನ ನೀರಿನ ಸಂಪ್‌ಗೆ ಹಾಕಿರುವ ಮೋಟಾರ್ ಆ ಗ್ರಾಫಿನ ಯಾವ ಜಾಗದಲ್ಲಿ ಓಡುತ್ತಿದೆ ಅಂತ ನೋಡಿ ಬರಲು ಕಳಿಸಿ. 'ಇರಲಿ' ಅಂತ ದೊಡ್ಡ ಮೋಟಾರ್ ಹಾಕುವ ಚಾಳಿ ನಮ್ಮಲ್ಲಿ ಎಲ್ಲೆಡೆ ಇದೆ.

ಕಂಪ್ಯೂಟರ್ ಸೈನ್ಸ್‌ನವರು 'ನಮಗೇನಿದೆ' ಅನ್ನುತ್ತಾರೆ. ಪ್ಲಗ್ಗಿಗೆ ಹಾಕುವ ಒಂದು ಪವರ್ ಮೀಟರ್ ತನ್ನಿ. ಒಂದೇ ದತ್ತಾಂಶವನ್ನು, ಕ್ರಮಕ್ಕೆ ಜೋಡಿಸುವ ಎರಡು ವಿಧಾನಗಳಾದ ಬಬಲ್ ಸಾರ್ಟ್‌ನಲ್ಲೂ ಕ್ವಿಕ್ ಸಾರ್ಟ್‌ನಲ್ಲೂ ಓಡಿಸಿ ಅಳೆಯಲಿ. ದತ್ತಾಂಶ ಹೆಚ್ಚಿದಂತೆ ಕೆಲಸ ಎಷ್ಟು ಹೆಚ್ಚುತ್ತದೆ ಅಂತ ಹೇಳುವ ಬಿಗ್ ಓ ಅನ್ನುವುದು ಕರೆಂಟಾಗಿ ಕಾಣುತ್ತದೆ. ಇನ್ನೊಂದು ಮಾತು ಅವರಿಗೆ ಹೇಳಲೇಬೇಕು. ಒಂದು ಲ್ಯಾಪ್‌ಟಾಪು, ಒಂದು ಫೋನಿನ ಬಾಳಿನಲ್ಲಿ ಬರುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ತಯಾರಾಗುವಾಗಲೇ ಬಂದಿರುತ್ತದೆ. ಹಾಗಾಗಿ ಐದು ವರ್ಷ ಹಳೇ ಫೋನಿನಲ್ಲೂ ಓಡುವ ಆ್ಯಪ್ ಬರೆಯುವವರು ದೊಡ್ಡ ಕೆಲಸ ಮಾಡುತ್ತಿದ್ದಾರೆ.

ಹೆಜ್ಜೆ 4: ಜನ ಎಲ್ಲಿದ್ದಾರೆ ಅಂತ ಕೇಳಿ

ಇಂಗಾಲದ ಲೆಕ್ಕ ಮಾಡಿದರೆ ಸುಸ್ಥಿರತೆ ಮುಗಿಯಿತು ಅಂದುಕೊಳ್ಳುವುದು ಎಂಜಿನಿಯರುಗಳ ದೊಡ್ಡ ತಪ್ಪು. ಅದನ್ನು ತಿದ್ದಲು ನಾನು ಪಾವಗಡ ಬಳಸುತ್ತೇನೆ. 2,050 ಮೆಗಾವಾಟ್ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ, ಎಕರೆಗೆ ಇಷ್ಟು ಅಂತ ವರ್ಷ ವರ್ಷ ಬಾಡಿಗೆ. ಮಳೆ ಕೈಕೊಡುವ ಸೀಮೆಯಲ್ಲಿ ಅದು ರೈತನಿಗೆ ಆಸರೆ, ಈ ಏರ್ಪಾಡು ಒಳ್ಳೆಯದು ಅಂತಲೇ ನಾನು ಹೇಳುತ್ತೇನೆ. ಆಮೇಲೆ ಕ್ಲಾಸಿಗೆ ಕೇಳುತ್ತೇನೆ: ಆ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವಳ ಹೆಸರು ಪಹಣಿಯಲ್ಲಿ ಇರಲಿಲ್ಲ, ಅವಳಿಗೆ ಏನು ಬಂತು? ಅಲ್ಲಿ ಕುರಿ ಮೇಯಿಸುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ? ನೀವೇ ಆ ಪಾರ್ಕಿನ ಎಂಜಿನಿಯರ್ ಆಗಿದ್ದರೆ ಲೇಔಟಿನಲ್ಲಿ ಏನು ಬದಲಿಸುತ್ತಿದ್ದಿರಿ?

ನಮ್ಮಲ್ಲೇ ಇದಕ್ಕೆ ಒಂದು ದೊಡ್ಡ ಪರಂಪರೆ ಇದೆ, ಹುಡುಗರಿಗೆ ಗೊತ್ತಿರುವುದಿಲ್ಲ ಅನ್ನುವುದು ನನ್ನ ನೋವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ವಿಜ್ಞಾನಿಗಳು ಹಳ್ಳಿಯಲ್ಲಿ ಕೂತು ಸೌದೆ ಎಷ್ಟು ಸುಡುತ್ತಾರೆ, ನೀರಿಗೆ ಎಷ್ಟು ನಡೆಯುತ್ತಾರೆ ಅಂತ ಅಳೆದರು. ಹೊಗೆ ಹೊರಹೋಗುವ, ಸೌದೆ ಉಳಿಸುವ ಅಸ್ತ್ರ ಒಲೆ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆ, ಪುರ ಹಳ್ಳಿಯಲ್ಲಿ ಗೋಬರ್ ಗ್ಯಾಸಿನಿಂದ ಕರೆಂಟು, ಕೊಳವೆ ನೀರು, ಎಲ್ಲ ಹಾಗೆ ಬಂದದ್ದು. ಹೀಟ್ ಟ್ರಾನ್ಸ್‌ಫರ್ ಪಾಠ ಮಾಡುವವರು ಬಾಯ್ಲರ್ ಜೊತೆ ಆ ಒಲೆಯನ್ನೂ ಬೋರ್ಡಿನ ಮೇಲೆ ಬಿಡಿಸಬಹುದು. ಇಂದು ಆ ಕೇಂದ್ರವೇ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ.

ಹೆಜ್ಜೆ 5: ಅಂಕ ಕೊಡಿ

ಪರೀಕ್ಷೆಗೆ ಬರದಿದ್ದರೆ ಹುಡುಗರು ಓದುವುದಿಲ್ಲ, ಇದರಲ್ಲಿ ಅವರ ತಪ್ಪಿಲ್ಲ. ನಿಮ್ಮದು ಆಟಾನಮಸ್ (ಸ್ವಾಯತ್ತ) ಕಾಲೇಜಾದರೆ ಪಠ್ಯಕ್ರಮ ತೀರ್ಮಾನಿಸುವ ಸಮಿತಿಯಾದ ಬಿಒಎಸ್‌ನಲ್ಲಿ ಸಿಲಬಸ್ಸನ್ನೇ ತಿದ್ದಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜಾದರೆ ಸಿಲಬಸ್ ನಿಮ್ಮ ಕೈಯಲ್ಲಿಲ್ಲ, ಆದರೆ 2022ರ ಸ್ಕೀಮಿನಲ್ಲಿ ಸಿಐಇಗೆ, ಅಂದರೆ ಕಾಲೇಜೇ ಮಾಡುವ ಆಂತರಿಕ ಮೌಲ್ಯಮಾಪನಕ್ಕೆ, 50 ಅಂಕ ಇದೆ. ಅಸೈನ್‌ಮೆಂಟ್ ನಿಮ್ಮದೇ.

'ಸುಸ್ಥಿರತೆಯ ಮಹತ್ವ ವಿವರಿಸಿ' ಅಂತ ಮಾತ್ರ ಕೇಳಬೇಡಿ. ಒಳ್ಳೊಳ್ಳೆ ಮಾತು ತುಂಬಿಸಿ ಎರಡು ಪುಟ ಬರೆದುಕೊಡುತ್ತಾರೆ. 10 ಅಂಕದ ಡಿಸೈನ್ ಪ್ರಶ್ನೆ ಇದ್ದರೆ 7 ಅಂಕ ಡಿಸೈನಿಗೆ, 3 ಅಂಕ ಅದೇ ಡಿಸೈನನ್ನು ಮತ್ತೊಂದು ಆಯ್ಕೆಯ ಜೊತೆ ಹೋಲಿಸುವುದಕ್ಕೆ ಇಡಿ. ಅಂಕ ಕೊಡುವಾಗ ನಾನು ನೋಡುವುದು ಮುಖ್ಯವಾಗಿ ಒಂದನ್ನೇ: ಊಹೆ ಎಲ್ಲಿ ಮಾಡಿದ್ದಾರೆ ಅಂತ ಸ್ಪಷ್ಟವಾಗಿ ಬರೆದಿದ್ದಾರಾ? '70% ಅಂತ ಹಿಡಿದಿದ್ದೇನೆ, ಯಾಕೆಂದರೆ...' ಅಂತ ಬರೆದವರಿಗೆ ಉತ್ತರ ಸ್ವಲ್ಪ ಆಚೀಚೆ ಆದರೂ ಪೂರ್ತಿ ಅಂಕ.

ಫೈನಲ್ ಇಯರ್ ಪ್ರಾಜೆಕ್ಟಿನ ವೈವಾದಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿ: ನೀವು ಇಲ್ಲಿಂದ ಹೋದ ಮೇಲೆ ಇದನ್ನು ರಿಪೇರಿ ಮಾಡುವವರು ಯಾರು? ಒಂದು ತಂಡ ಹಳ್ಳಿ ಶಾಲೆಗೆ ನೀರು ಶುದ್ಧಮಾಡುವ ಯಂತ್ರ ಮಾಡಿತ್ತು. ಚೆನ್ನಾಗಿತ್ತು. ಈ ಪ್ರಶ್ನೆ ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ವಾಪಸ್ ಹೋಗಿ, ಬೆಂಗಳೂರಿನಿಂದಲೇ ತರಿಸಬೇಕಾಗಿದ್ದ ಫಿಲ್ಟರ್ ತೆಗೆದು ಹತ್ತಿರದ ಪೇಟೆಯಲ್ಲಿ ಸಿಗುವಂಥದ್ದನ್ನು ಹಾಕಿದರು. ಆ ಬದಲಾವಣೆಯೇ ಅವರ ಪ್ರಾಜೆಕ್ಟಿನ ಅತಿ ಒಳ್ಳೆಯ ಡಿಸೈನ್ ಅಂತ ನಾನು ಈಗಲೂ ನಂಬುತ್ತೇನೆ.

ಸಿಒ-ಪಿಒ ಮ್ಯಾಪಿಂಗ್ ಟೇಬಲ್ಲನ್ನು (ವಿಷಯದ ಕಲಿಕೆಯ ಗುರಿ ಯಾವ ಪಿಒಗೆ ಹೊಂದುತ್ತದೆ ಅಂತ ತೋರಿಸುವ ಪಟ್ಟಿ) ಇದೆಲ್ಲ ಮಾಡಿದ ಮೇಲೆ ತುಂಬಿ. ಮೊದಲೇ ತುಂಬಿದರೆ ಅಲ್ಲಿಗೇ ನಿಲ್ಲುತ್ತದೆ.

ಹೆಜ್ಜೆ 6: ಪಕ್ಕದ ಟೇಬಲ್ಲಿನವರನ್ನು ಸೇರಿಸಿಕೊಳ್ಳಿ

ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲೇ ಈ ಕೆಲಸಕ್ಕೆ ಇಳಿದಿತ್ತು. ಎಲ್ಲರಿಗೂ ಒಂದು ಮೂಲ ಪಾಠ, ಇರುವ ವಿಷಯಗಳ ಒಳಗೇ ಹೆಣೆಯುವುದು, ಬೇಕಾದವರಿಗೆ ವಿಶೇಷ ಅಧ್ಯಯನ, ಹೀಗೆ ಮೂರು ದಾರಿ. ಹೆಣೆಯುವುದೇ ಕಷ್ಟವಾಯಿತು. ಅವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಒಬ್ಬೊಬ್ಬ ಅಧ್ಯಾಪಕರ ಹತ್ತಿರ ಕೂತು, 'ನಿಮ್ಮ ವಿಷಯ ಇದಕ್ಕೆ ಏನು ಕೊಡಬಲ್ಲದು?' ಅಂತ ಅವರನ್ನೇ ಕೇಳಿದರು.

ನಮ್ಮಲ್ಲೂ ಎಫ್‌ಡಿಪಿ (ಅಧ್ಯಾಪಕರ ತರಬೇತಿ ಕಾರ್ಯಕ್ರಮ) ಇಟ್ಟು ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿದರೆ ಸರ್ಟಿಫಿಕೇಟ್ ಸಿಗುತ್ತದೆ ಅಷ್ಟೆ. ಅದರ ಬದಲು ಸ್ಟಾಫ್ ರೂಮಿನಲ್ಲಿ ಪಕ್ಕದವರ ಹತ್ತಿರ ಕುರ್ಚಿ ಎಳೆದುಕೊಳ್ಳಿ. "ಮೇಡಂ, ನಿಮ್ಮ ಥರ್ಮೋ ಪಾಠದಲ್ಲಿ ಡೀಸೆಲ್ ಎಂಜಿನ್ ಬರುತ್ತಲ್ಲ, ನಮ್ಮ ಜನರೇಟರಿನ ಡೀಸೆಲ್ ಲೆಕ್ಕ ನನ್ನ ಹತ್ತಿರ ಇದೆ, ಬೇಕಾ?" ಅಂತ ಕೇಳಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ ಎಷ್ಟು ಯೂನಿಟ್ ಬಂತು ಅಂತ ಮೀಟರ್ ಹೇಳುತ್ತದೆ. ಗ್ರಿಡ್ ಕರೆಂಟಿನ ಜೊತೆ ಹೋಲಿಸುವುದು ಅವರ ಹುಡುಗರಿಗೆ ಬಿಟ್ಟದ್ದು. ಬುದ್ಧಿ ಹೇಳಿದರೆ ಯಾರೂ ತಗೊಳ್ಳುವುದಿಲ್ಲ, ಸಿದ್ಧ ಲೆಕ್ಕ ಕೊಟ್ಟರೆ ಎಲ್ಲರೂ ತಗೊಳ್ಳುತ್ತಾರೆ. ವರ್ಷಕ್ಕೆ ಇಬ್ಬರು ಸೇರಿದರೂ ಸಾಕು.

ಈ ಅಂಕಿಗಳಿಗೆಲ್ಲ ಒಂದು ಫೈಲ್ ಇಡಿ. ಬಿಲ್ಲುಗಳು, ಹುಡುಗರು ಅಳೆದ ಮೋಟಾರಿನ ರೀಡಿಂಗ್, 56 ದಿನದ ಕ್ಯೂಬಿನ ಬಲ, ಯಾವ ವರ್ಷ ಯಾರು ಅಳೆದರು ಅನ್ನುವ ದಿನಾಂಕ, ಎಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಗ್ರಿಡ್‌ನ ಇಂಗಾಲದ ಅಂಕಿಯನ್ನು ಆಗಾಗ ಹೊಸದು ಮಾಡುತ್ತದೆ, ಅದನ್ನೂ ವರ್ಷಕ್ಕೊಮ್ಮೆ ತಿದ್ದಿ. ನಮ್ಮ ಫೈಲಿನಲ್ಲಿ ಆ ಹಾಸ್ಟೆಲ್ ನಲ್ಲಿಯ ಲೆಕ್ಕವೂ ಇದೆ. ಕ್ಲಾಸು ಮುಗಿದ ಸಂಜೆ ಆ ಹುಡುಗಿ ಇಬ್ಬರು ಗೆಳತಿಯರ ಜೊತೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಫೋನಿನಲ್ಲಿ ಸಮಯ ನೋಡಿ ಅಳೆದಳು. ದಿನಕ್ಕೆ 20 ಲೀಟರಿನಷ್ಟು. ಕಾಗದದ ಮೇಲೆ ಬರೆದು ವಾರ್ಡನ್ ಕೈಗೆ ಕೊಟ್ಟಳು. ಮೂರನೇ ದಿನ ಪ್ಲಂಬರ್ ಬಂದು ವಾಷರ್ ಬದಲಿಸಿ ಹೋದರು.